‘ಗ್ಯಾಲ್ವನಿಕ್’ ಶಬ್ದದ ಚರಿತ್ರೆ

ಮಳೆ ಹೆಚ್ಚಾಗಿ ಸುರಿಯುವ ಮಲೆನಾಡಿನ ಊರುಗಳಲ್ಲಿ ದನದ ಕೊಟ್ಟಿಗೆಗೂ ಅಂಗಡಿಯ ಮುಂಗಟ್ಟಿಗೂ ಬೂದು ಬಣ್ಣದ ತಗಡನ್ನು ಹೊದಿಸಿರುವುದನ್ನು ನಾವೆಲ್ಲರೂ ನೋಡಿದ್ದೇವೆ. ಬೇಲಿಯ ಮುಳ್ಳುತಂತಿ, ನೀರು ತುಂಬುವ ಬಕೆಟ್ಟು, ನಲ್ಲಿಯ ಕೊಳಾಯಿ ಇವೂ ಎಷ್ಟೋ ಕಡೆ ಅದೇ ಜಾತಿಯವು. ಅಂಗಡಿಯವರು ಇವನ್ನು ‘ಜಿ.ಐ. ಶೀಟು’, ‘ಜಿ.ಐ. ಪೈಪು’ ಎಂದು ಕರೆಯುತ್ತಾರೆ. ಈ ಎರಡು ಅಕ್ಷರಗಳಲ್ಲಿ ‘ಐ’ ಎಂಬುದು ‘ಐರನ್’, ಎಂದರೆ ಕಬ್ಬಿಣ. ‘ಜಿ’ ಎಂಬುದು ‘ಗ್ಯಾಲ್ವನೈಸ್ಡ್’ ಎಂಬ ಶಬ್ದದ ಮೊದಲಕ್ಷರ. ಕಾಲೇಜಿನ ಪ್ರಯೋಗಶಾಲೆಗೆ ಹೋದರೆ ಅಲ್ಲಿ ಸೂಕ್ಷ್ಮವಾದ ವಿದ್ಯುತ್ಪ್ರವಾಹವನ್ನು ಗುರುತಿಸುವ ‘ಗ್ಯಾಲ್ವನೋಮೀಟರು’ ಇರುತ್ತದೆ. ರಸಾಯನಶಾಸ್ತ್ರದ ಪಠ್ಯಪುಸ್ತಕದಲ್ಲಿ ‘ಗ್ಯಾಲ್ವನಿಕ್ ಕೋಶ’ದ ಚಿತ್ರವಿರುತ್ತದೆ. ಇಂಗ್ಲಿಷ್ ವೃತ್ತಪತ್ರಿಕೆಯನ್ನು ತೆರೆದರೆ, ಯಾರೋ ಒಬ್ಬ ನಾಯಕನ ಭಾಷಣವು ಜಡರಾಗಿದ್ದ ಜನರನ್ನು ‘ಗ್ಯಾಲ್ವನೈಸ್’ ಮಾಡಿತೆಂಬ ಮಾತು ಕಣ್ಣಿಗೆ ಬೀಳಬಹುದು.

ಕೊಟ್ಟಿಗೆಯ ತಗಡು, ಪ್ರಯೋಗಶಾಲೆಯ ಉಪಕರಣ, ನಾಯಕನ ಭಾಷಣ: ಇವುಗಳಿಗೆ ಪರಸ್ಪರ ಏನು ಸಂಬಂಧ? ಮೇಲುನೋಟಕ್ಕೆ ಯಾವುದೂ ತೋರುವುದಿಲ್ಲ. ಆದರೆ ಮೂರೂ ಶಬ್ದಗಳು ಒಂದೇ ಮನೆತನದ ಹೆಸರಿನಿಂದ ಬಂದವು. ಆ ಹೆಸರು ಗ್ಯಾಲ್ವಾನಿ. ಇಟಲಿಯ ಬೊಲೋನ್ಯ ನಗರದ ವೈದ್ಯನೂ ಅಂಗರಚನಾಶಾಸ್ತ್ರಜ್ಞನೂ ಆಗಿದ್ದ ಲುಯಿಜಿ ಗ್ಯಾಲ್ವಾನಿ (1737–1798) ಎಂಬಾತನ ಕುಲನಾಮವದು. ಅವನ ಹೆಸರು ‘ಗ್ಯಾಲ್ವನಿಕ್’ ಎಂಬ ಇಂಗ್ಲಿಷ್ ವಿಶೇಷಣವಾದ ಬಗೆಯನ್ನೂ, ಆ ವಿಶೇಷಣ ತಿರುಗಿದ ದಾರಿಗಳನ್ನೂ ಈ ಲೇಖನದಲ್ಲಿ ಅನುಸರಿಸಿ ನೋಡೋಣ. ಒಂದು ಶಬ್ದದ ಬೇರನ್ನು ಹುಡುಕುತ್ತ ಹೋದರೆ ವಿಜ್ಞಾನದ ಒಂದು ದೊಡ್ಡ ವಾದವೇ ನಮ್ಮ ಮುಂದೆ ತೆರೆದುಕೊಳ್ಳುತ್ತದೆ.

ಹೆಸರಿನಿಂದ ವಿಶೇಷಣ

ವ್ಯಕ್ತಿಯ ಹೆಸರಿನಿಂದ ವಿಶೇಷಣವನ್ನು ಮಾಡಿಕೊಳ್ಳುವ ಪದ್ಧತಿ ನಮಗೆ ಹೊಸದೇನೂ ಅಲ್ಲ. ಶಿವನಿಂದ ಶೈವ, ವಿಷ್ಣುವಿನಿಂದ ವೈಷ್ಣವ, ಜಿನನಿಂದ ಜೈನ, ಬುದ್ಧನಿಂದ ಬೌದ್ಧ, ಪಾಣಿನಿಯಿಂದ ಪಾಣಿನೀಯ: ಇವೆಲ್ಲ ಸಂಸ್ಕೃತದ ತದ್ಧಿತ ಪ್ರತ್ಯಯಗಳಿಂದ ಆದ ರೂಪಗಳು. ಪ್ರತ್ಯಯವೇ ಇಲ್ಲದೆ ಹೆಸರನ್ನು ನೇರವಾಗಿ ಮುಂದಿಟ್ಟು ‘ಭಗೀರಥ ಪ್ರಯತ್ನ’, ‘ಭೀಷ್ಮ ಪ್ರತಿಜ್ಞೆ’ ಎನ್ನುವುದೂ ಉಂಟು. ಭಗೀರಥನ ಕಥೆಯನ್ನು ಪೂರ್ತಿ ಅರಿಯದವರೂ ‘ಭಗೀರಥ ಪ್ರಯತ್ನ’ ಎಂದರೆ ಎಡೆಬಿಡದ ಮಹಾಪ್ರಯತ್ನವೆಂದು ತಿಳಿಯುತ್ತಾರೆ. ಹೆಸರು ವ್ಯಕ್ತಿಯಿಂದ ಬಿಡಿಸಿಕೊಂಡು ಗುಣವಾಚಕವಾಯಿತೆಂಬುದಕ್ಕೆ ಇದೇ ಸಾಕ್ಷಿ.

ಇಂಗ್ಲಿಷಿನಲ್ಲಿಯೂ ಇದಕ್ಕೆ ಹಲವು ಪ್ರತ್ಯಯಗಳಿವೆ. ನ್ಯೂಟನ್ನನಿಂದ ‘ನ್ಯೂಟೋನಿಯನ್’, ಡಾರ್ವಿನ್ನನಿಂದ ‘ಡಾರ್ವಿನಿಯನ್’, ಇಟಲಿಯ ರಾಜನೀತಿಜ್ಞ ಮಾಕಿಯಾವೆಲ್ಲಿಯಿಂದ ‘ಮಾಕಿಯಾವೆಲಿಯನ್’. ಇವು ‘ಇಯನ್’ ಎಂದು ಮುಗಿಯುತ್ತವೆ. ಇನ್ನೊಂದು ವರ್ಗ ‘ಇಕ್’ ಎಂದು ಮುಗಿಯುತ್ತದೆ: ಗ್ಯಾಲ್ವಾನಿಯಿಂದ ‘ಗ್ಯಾಲ್ವನಿಕ್’, ವೋಲ್ಟನಿಂದ ‘ವೋಲ್ಟಾಯಿಕ್’, ಜರ್ಮನ್ ವೈದ್ಯ ಮೆಸ್ಮರನಿಂದ ‘ಮೆಸ್ಮೆರಿಕ್’. ‘ಇಯನ್’ ಪ್ರತ್ಯಯವು ಬಹುಮಟ್ಟಿಗೆ ವ್ಯಕ್ತಿಯ ಮತವನ್ನು ಅಥವಾ ರೀತಿಯನ್ನು ಸೂಚಿಸುತ್ತದೆ. ‘ಇಕ್’ ಪ್ರತ್ಯಯವಾದರೋ ‘ಎಲೆಕ್ಟ್ರಿಕ್’, ‘ಮ್ಯಾಗ್ನೆಟಿಕ್’ ಎಂಬ ಶಬ್ದಗಳಲ್ಲಿರುವಂತೆ ಪ್ರಕೃತಿಯ ಒಂದು ಶಕ್ತಿಯ ಜಾತಿಯನ್ನು ಹೇಳುತ್ತದೆ. ಗ್ಯಾಲ್ವಾನಿಯ ಹೆಸರಿಗೆ ಎರಡನೆಯ ಪ್ರತ್ಯಯ ಹತ್ತಿದುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಅವನ ಹೆಸರು ಒಂದು ಮತಕ್ಕೆ ಸಲ್ಲದೆ, ಒಂದು ಹೊಸ ಶಕ್ತಿಗೇ ಸಂದಿತು. ಅಂಥ ಹೊಸ ಶಕ್ತಿಯೊಂದು ಉಂಟೆಂದು ಜನರು ಏಕೆ ನಂಬಿದರೆಂಬುದನ್ನು ಈಗ ನೋಡೋಣ.

ಬೊಲೋನ್ಯದ ಕಪ್ಪೆಗಳು

ಹದಿನೆಂಟನೆಯ ಶತಮಾನದಲ್ಲಿ ವಿದ್ಯುತ್ತೆಂದರೆ ಮುಖ್ಯವಾಗಿ ಘರ್ಷಣೆಯಿಂದ ಹುಟ್ಟುವ ವಿದ್ಯುತ್ತು. ತಿರುಗುವ ಗಾಜಿನ ಗೋಳವನ್ನೋ ತಟ್ಟೆಯನ್ನೋ ಉಜ್ಜಿ ಕಿಡಿ ಹಾರಿಸುವ ಯಂತ್ರಗಳಿದ್ದವು. ಆ ವಿದ್ಯುತ್ತನ್ನು ಕೂಡಿಡಲು ಲೈಡನ್ ಜಾಡಿಯಿತ್ತು. ವಿದ್ಯುತ್ತಿನ ಪೆಟ್ಟು ತಗುಲಿದರೆ ಮನುಷ್ಯನ ಸ್ನಾಯುಗಳು ಸೆಟೆಯುತ್ತವೆಂಬುದು ಎಲ್ಲರಿಗೂ ತಿಳಿದಿತ್ತು. ಟಾರ್ಪೀಡೋ ಎಂಬ ಕಡಲಮೀನು ಕೊಡುವ ಹೊಡೆತವೂ ವಿದ್ಯುತ್ತೇ ಇರಬೇಕೆಂದು 1770ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ವಾಲ್ಷ್ ಪ್ರಯೋಗಗಳಿಂದ ವಾದಿಸಿದ್ದನು. ಹಾಗಾದರೆ ಎಲ್ಲ ಪ್ರಾಣಿಗಳ ನರಗಳಲ್ಲಿಯೂ ಸಂಚರಿಸಿ ಸ್ನಾಯುಗಳನ್ನು ಕುಣಿಸುವ ‘ಪ್ರಾಣಶಕ್ತಿ’ ವಿದ್ಯುತ್ತೇ ಆಗಿರಬಹುದೆ? ವೈದ್ಯರನ್ನು ಕಾಡುತ್ತಿದ್ದ ಪ್ರಶ್ನೆ ಇದು.

ಗ್ಯಾಲ್ವಾನಿ ಬೊಲೋನ್ಯದಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸುತ್ತಿದ್ದನು. ತನ್ನ ಗುರುವಾದ ಗಲೆಯಾಜಿಯ ಮಗಳು ಲೂಚಿಯಾಳನ್ನು 1762ರಲ್ಲಿ ಮದುವೆಯಾಗಿದ್ದನು. ಪ್ರಯೋಗಗಳಲ್ಲಿ ಅವಳೂ ಅವನಿಗೆ ನೆರವಾಗುತ್ತಿದ್ದಳು. ಅಸ್ವಸ್ಥಳಾಗಿದ್ದ ಹೆಂಡತಿಗೆ ಸಾರು ಮಾಡಲೆಂದು ಚರ್ಮ ಸುಲಿದಿಟ್ಟಿದ್ದ ಕಪ್ಪೆಯ ಕಾಲು ಆಕಸ್ಮಿಕವಾಗಿ ಅದುರಿತೆಂದೂ, ಅದರಿಂದಲೇ ಈ ಶೋಧ ಹುಟ್ಟಿತೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಇದನ್ನು ಕಥೆಯೆಂದೇ ತಿಳಿಯಬೇಕು. ಗ್ಯಾಲ್ವಾನಿ ಅದಕ್ಕೆ ಎಷ್ಟೋ ವರ್ಷ ಮೊದಲಿನಿಂದ ಕಪ್ಪೆಯ ನರಗಳನ್ನೂ ಸ್ನಾಯುಗಳನ್ನೂ ಕ್ರಮವಾಗಿ ಅಭ್ಯಾಸ ಮಾಡುತ್ತಿದ್ದವನು. ಕಾಲುಗಳನ್ನೂ, ಅವುಗಳಿಗೆ ಹೋಗುವ ನರಗಳನ್ನೂ, ಬೆನ್ನುಹುರಿಯ ಒಂದು ತುಂಡನ್ನೂ ಮಾತ್ರ ಉಳಿಸಿಕೊಂಡ ಕಪ್ಪೆ ಅವನ ಮೇಜಿನ ಮೇಲೆ ನಿತ್ಯದ ಉಪಕರಣವಾಗಿತ್ತು.

1780ರ ದಶಕದ ಆರಂಭದಲ್ಲಿ ಒಂದು ದಿನ, ಇಂಥ ಕಪ್ಪೆಯ ನರಕ್ಕೆ ಸಹಾಯಕನೊಬ್ಬನು ಶಸ್ತ್ರದ ತುದಿಯನ್ನು ಮುಟ್ಟಿಸಿದಾಗ ಅದರ ಕಾಲುಗಳು ಬಲವಾಗಿ ಝಾಡಿಸಿದವು. ಅದೇ ಕ್ಷಣದಲ್ಲಿ ಸ್ವಲ್ಪ ದೂರದಲ್ಲಿದ್ದ ವಿದ್ಯುದ್ಯಂತದಿಂದ ಕಿಡಿ ಹಾರಿತ್ತು. ಯಂತ್ರಕ್ಕೂ ಕಪ್ಪೆಗೂ ನಡುವೆ ಯಾವ ತಂತಿಯೂ ಇರಲಿಲ್ಲ. ಯಂತ್ರದ ಕಿಡಿಗೆ ಹೀಗಾಗುವುದಾದರೆ ಆಕಾಶದ ಮಿಂಚಿಗೂ ಆಗಬೇಕಲ್ಲವೆ ಎಂದು ಗ್ಯಾಲ್ವಾನಿ ಮನೆಯ ಮೇಲೆ ಲೋಹದ ತಂತಿಯನ್ನು ಕಟ್ಟಿ ಗುಡುಗಿನ ದಿನಗಳಲ್ಲಿ ಪರೀಕ್ಷಿಸಿದನು. ಮಿಂಚಿದಾಗಲೂ ಕಾಲುಗಳು ಅದುರಿದವು.

1786ರಲ್ಲಿ ನಡೆದ ಮುಂದಿನ ಪ್ರಯೋಗವೇ ನಿರ್ಣಾಯಕವಾದುದು. ಬೆನ್ನುಹುರಿಗೆ ಹಿತ್ತಾಳೆಯ ಕೊಕ್ಕೆ ಚುಚ್ಚಿದ ಕಪ್ಪೆಗಳನ್ನು ಅವನು ತೋಟದ ಕಬ್ಬಿಣದ ಕಂಬಿಗಳಿಗೆ ತೂಗುಹಾಕಿದ್ದನು. ಆಕಾಶ ನಿರ್ಮಲವಾಗಿತ್ತು, ಮಿಂಚಿಲ್ಲ, ಮೋಡವಿಲ್ಲ. ಆದರೂ ಕೊಕ್ಕೆಯನ್ನು ಕಂಬಿಗೆ ಒತ್ತಿದಾಗ ಕಾಲುಗಳು ಅದುರಿದವು. ಕಪ್ಪೆಯನ್ನು ಕೋಣೆಯೊಳಗೆ ತಂದು ಕಬ್ಬಿಣದ ಹಲಗೆಯ ಮೇಲಿಟ್ಟು ಕೊಕ್ಕೆಯನ್ನು ಹಲಗೆಗೆ ತಾಗಿಸಿದಾಗಲೂ ಅದೇ ಪರಿಣಾಮ. ಯಂತ್ರವೂ ಇಲ್ಲ, ಮಿಂಚೂ ಇಲ್ಲ. ಹಾಗಾದರೆ ಈ ವಿದ್ಯುತ್ತು ಬಂದುದೆಲ್ಲಿಂದ? ಕಪ್ಪೆಯ ದೇಹದಲ್ಲಿಯೇ ಇರಬೇಕೆಂದು ಗ್ಯಾಲ್ವಾನಿ ತೀರ್ಮಾನಿಸಿದನು. ಅವನ ದೃಷ್ಟಿಯಲ್ಲಿ ಸ್ನಾಯುವು ಒಂದು ಪುಟ್ಟ ಲೈಡನ್ ಜಾಡಿ. ನರವು ಅದರ ತಂತಿ. ಲೋಹದ ಕೊಕ್ಕೆ ಅದನ್ನು ಬಿಡುಗಡೆ ಮಾಡುವ ದಾರಿ ಮಾತ್ರ. ಈ ‘ಪ್ರಾಣಿ ವಿದ್ಯುತ್ತಿ’ನ ವಾದವನ್ನು ಅವನು 1791ರಲ್ಲಿ ಲ್ಯಾಟಿನ್ ಭಾಷೆಯ ಪ್ರಬಂಧವೊಂದರಲ್ಲಿ ಪ್ರಕಟಿಸಿದನು. ಅಷ್ಟು ಹೊತ್ತಿಗೆ ಲೂಚಿಯಾ ತೀರಿಕೊಂಡಿದ್ದಳು.

ವೋಲ್ಟನ ಆಕ್ಷೇಪಣೆ

ಪ್ರಬಂಧವನ್ನು ಓದಿದವರಲ್ಲಿ ಪಾವಿಯಾ ವಿಶ್ವವಿದ್ಯಾನಿಲಯದ ಭೌತವಿಜ್ಞಾನದ ಪ್ರಾಧ್ಯಾಪಕ ಅಲೆಸ್ಸಾಂಡ್ರೋ ವೋಲ್ಟ (1745–1827) ಒಬ್ಬನು. ಅವನು ಪ್ರಯೋಗಗಳನ್ನು ತಾನೇ ಮಾಡಿ ನೋಡಿ ಮೊದಲು ಮೆಚ್ಚಿದನು. ಆಮೇಲೆ ಅವನ ಮನಸ್ಸಿನಲ್ಲಿ ಸಂದೇಹ ಹುಟ್ಟಿತು. ಕೊಕ್ಕೆಯೂ ಕಂಬಿಯೂ ಒಂದೇ ಲೋಹದವಾದಾಗ ಕಾಲು ಅದುರುವುದು ಕಷ್ಟ. ಎರಡು ಬೇರೆ ಬೇರೆ ಲೋಹಗಳಾದಾಗ ಸುಲಭ. ಎರಡು ಬೇರೆ ಲೋಹಗಳನ್ನು ನಾಲಗೆಯ ಮೇಲಿಟ್ಟು ಅವುಗಳ ತುದಿಗಳನ್ನು ಕೂಡಿಸಿದರೆ ವಿಚಿತ್ರವಾದ ರುಚಿ ತಿಳಿಯುತ್ತದೆಂಬುದನ್ನು ಜುಲ್ಟ್ಸರ್ ಎಂಬ ವಿದ್ವಾಂಸನು 1750ರ ದಶಕದಲ್ಲಿಯೇ ಗಮನಿಸಿದ್ದನು. ವೋಲ್ಟನೂ ಇಂಥ ಪ್ರಯೋಗಗಳನ್ನು ತನ್ನ ನಾಲಗೆಯ ಮೇಲೆಯೇ ಮಾಡಿದನು. ಆದುದರಿಂದ ವಿದ್ಯುತ್ತು ಹುಟ್ಟುವುದು ಲೋಹಗಳ ಸಂಪರ್ಕದಲ್ಲಿ, ಕಪ್ಪೆಯ ಕಾಲು ಅದನ್ನು ತೋರಿಸುವ ಸೂಕ್ಷ್ಮವಾದ ಮಾಪಕ ಮಾತ್ರ ಎಂದು ಅವನು ಸಾರಿದನು.

ವಾದ ಬೆಳೆಯಿತು. ಗ್ಯಾಲ್ವಾನಿ ಹಿಂಜರಿಯಲಿಲ್ಲ. ‘ಲೋಹವೇ ಕಾರಣವೆನ್ನುವುದಾದರೆ, ಲೋಹವೇ ಇಲ್ಲದೆ ತೋರಿಸುತ್ತೇವೆ’ ಎಂಬಂತಿತ್ತು ಅವನ ಪಕ್ಷದ ಉತ್ತರ. 1794ರಲ್ಲಿ ಲೇಖಕನ ಹೆಸರಿಲ್ಲದೆ ಹೊರಟ ಒಂದು ಪುಸ್ತಕದಲ್ಲಿ, ಕತ್ತರಿಸಿದ ನರದ ತುದಿಯನ್ನು ಸ್ನಾಯುವಿಗೆ ನೇರವಾಗಿ ತಾಗಿಸಿದರೂ ಸಂಕೋಚನವಾಗುವುದೆಂದು ತೋರಿಸಲಾಗಿತ್ತು. 1797ರಲ್ಲಿ ಗ್ಯಾಲ್ವಾನಿ ಇನ್ನೂ ಮುಂದೆ ಹೋದನು. ಒಂದು ಕಾಲಿನ ನರವನ್ನು ಇನ್ನೊಂದು ಕಾಲಿನ ನರದ ಮೇಲೆ ಇಟ್ಟಾಗ ಕಾಲುಗಳು ಅದುರಿದವು. ಇಲ್ಲಿ ಲೋಹದ ಸೋಂಕೇ ಇರಲಿಲ್ಲ. ಆದರೆ ವೋಲ್ಟನೂ ಸೋಲಲಿಲ್ಲ. ಬೇರೆ ಬೇರೆ ಬಗೆಯ ಯಾವ ಎರಡು ವಾಹಕಗಳು ಕೂಡಿದರೂ ವಿದ್ಯುತ್ತು ಹುಟ್ಟಬಹುದೆಂದು ತನ್ನ ವಾದವನ್ನು ವಿಸ್ತರಿಸಿದನು.

ಈ ನಡುವೆ ರಾಜಕೀಯವು ಗ್ಯಾಲ್ವಾನಿಯ ಬಾಳನ್ನು ಕದಡಿತು. ನೆಪೋಲಿಯನ್ನನ ಸೈನ್ಯ ಉತ್ತರ ಇಟಲಿಯನ್ನು ಗೆದ್ದು 1797ರಲ್ಲಿ ಸಿಸಾಲ್ಪೈನ್ ಗಣರಾಜ್ಯವನ್ನು ಸ್ಥಾಪಿಸಿತು. ಪ್ರಾಧ್ಯಾಪಕರೆಲ್ಲರೂ ಹೊಸ ಸರಕಾರಕ್ಕೆ ನಿಷ್ಠೆಯ ಪ್ರಮಾಣವನ್ನು ಮಾಡಬೇಕಾಯಿತು. ಧರ್ಮಶ್ರದ್ಧೆಯುಳ್ಳ ಗ್ಯಾಲ್ವಾನಿ ಒಪ್ಪದೆ ಹುದ್ದೆಯನ್ನು ಕಳೆದುಕೊಂಡನು. 1798ರ ಡಿಸೆಂಬರ್ 4ರಂದು ಅವನು ತೀರಿಕೊಂಡನು.

ಅವನು ಸತ್ತು ಒಂದೂವರೆ ವರ್ಷ ತುಂಬುವ ಮೊದಲೇ ವೋಲ್ಟನ ಗೆಲುವು ಬಂದಿತು. 1800ರ ಮಾರ್ಚ್ 20ರ ದಿನಾಂಕ ಹಾಕಿ ಅವನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸನಿಗೆ ಒಂದು ಪತ್ರ ಬರೆದನು. ಬೆಳ್ಳಿಯ ಬಿಲ್ಲೆ, ಸತುವಿನ ಬಿಲ್ಲೆ, ಉಪ್ಪುನೀರಿನಲ್ಲಿ ನೆನೆಸಿದ ರಟ್ಟು: ಹೀಗೆ ಒಂದರ ಮೇಲೊಂದನ್ನು ಹಲವು ಸಲ ಪೇರಿಸಿದರೆ ಸಾಕು, ನಿಲ್ಲದೆ ಹರಿಯುವ ವಿದ್ಯುತ್ಪ್ರವಾಹ ದೊರೆಯುತ್ತದೆ. ಜಗತ್ತಿನ ಮೊದಲ ಬ್ಯಾಟರಿ ಇದು. ಇದರಲ್ಲಿ ಕಪ್ಪೆಯೂ ಇಲ್ಲ, ನರವೂ ಇಲ್ಲ. ಆದರೂ ವೋಲ್ಟನು ಈ ಪೇರಿಕೆಯನ್ನು ಟಾರ್ಪೀಡೋ ಮೀನಿನ ವಿದ್ಯುದಂಗಕ್ಕೆ ಹೋಲಿಸಿ ‘ಕೃತಕ ವಿದ್ಯುದಂಗ’ವೆಂದು ಕರೆದುದು ಸ್ವಾರಸ್ಯವಾಗಿದೆ. ಅದೇ ವರ್ಷ ಇಂಗ್ಲೆಂಡಿನಲ್ಲಿ ನಿಕಲ್ಸನ್ ಮತ್ತು ಕಾರ್ಲೈಲ್ ಇಂಥದೇ ಪೇರಿಕೆಯಿಂದ ನೀರನ್ನು ಜಲಜನಕ ಆಮ್ಲಜನಕಗಳಾಗಿ ಒಡೆದರು. 1807ರಲ್ಲಿ ಹಂಫ್ರಿ ಡೇವಿ ದೊಡ್ಡ ಬ್ಯಾಟರಿಯಿಂದ ಪೊಟ್ಯಾಸಿಯಂ, ಸೋಡಿಯಂ ಲೋಹಗಳನ್ನು ಬೇರ್ಪಡಿಸಿದನು. ವಿದ್ಯುದ್ಯುಗವು ಆರಂಭವಾಯಿತು.

ಶಬ್ದದ ಹುಟ್ಟು

ವಾದ ನಡೆಯುತ್ತಿದ್ದ ಈ ವರ್ಷಗಳಲ್ಲಿಯೇ ಶಬ್ದವು ಹುಟ್ಟಿತು. ‘ಗ್ಯಾಲ್ವನಿಸಂ’ ಎಂಬ ಹೆಸರನ್ನು ಬಳಕೆಗೆ ತಂದ ಶ್ರೇಯಸ್ಸನ್ನು ಸಾಮಾನ್ಯವಾಗಿ ವೋಲ್ಟನಿಗೇ ಕೊಡುತ್ತಾರೆ. ತಾನು ಖಂಡಿಸುತ್ತಿದ್ದವನ ಹೆಸರನ್ನೇ ಅವನು ಆ ಬಗೆಯ ಘಟನೆಗಳಿಗೆ ಇಟ್ಟನು. ಜರ್ಮನಿಯಲ್ಲಿ ಅಲೆಕ್ಸಾಂಡರ್ ಫನ್ ಹುಂಬೋಲ್ಟ್ 1797ರಲ್ಲಿ ಪ್ರಕಟಿಸಿದ ಸ್ನಾಯು-ನರಗಳ ಗ್ರಂಥದಲ್ಲಿ ಈ ಶಬ್ದವನ್ನು ಧಾರಾಳವಾಗಿ ಬಳಸಿದನು. ಇವನು ತನ್ನ ಬೆನ್ನಿನ ಮೇಲೆ ಬೊಬ್ಬೆ ಎಬ್ಬಿಸಿಕೊಂಡು, ಅದರ ಹಸಿಗಾಯಕ್ಕೆ ಸತುವು ಬೆಳ್ಳಿಗಳನ್ನು ತಾಗಿಸಿ ಪರೀಕ್ಷಿಸಿದ ಸಾಹಸಿ. ಫ್ರಾನ್ಸಿನಲ್ಲಿ ‘ಗಾಲ್ವಾನೀಕ್’, ಜರ್ಮನಿಯಲ್ಲಿ ‘ಗಾಲ್ವಾನಿಷ್’, ಇಟಲಿಯಲ್ಲಿ ‘ಗಾಲ್ವಾನಿಕೋ’ ಎಂಬ ರೂಪಗಳು ಹಬ್ಬಿದವು. ಇಂಗ್ಲಿಷಿನಲ್ಲಿ ‘ಗ್ಯಾಲ್ವನಿಕ್’ ಎಂಬುದರ ಬಳಕೆ 1797ರಿಂದ ಸಿಕ್ಕುತ್ತದೆಂದು ನಿಘಂಟುಕಾರರು ಹೇಳುತ್ತಾರೆ. ಹೆಸರಿನ ಕೊನೆಯ ‘ಇ’ ಸ್ವರವು ಪ್ರತ್ಯಯದ ‘ಇ’ ಸ್ವರದಲ್ಲಿ ಸೇರಿಹೋಯಿತು.

ಹೊಸ ಶಬ್ದ ಬೇಕಾದುದೇಕೆ? ‘ಎಲೆಕ್ಟ್ರಿಕ್’ ಎಂಬುದು ಅದಾಗಲೇ ಇತ್ತಲ್ಲವೆ? ಕಾರಣವಿದು: ಕಪ್ಪೆಯಲ್ಲಿ ಕಂಡುಬಂದುದು ಸಾಧಾರಣ ವಿದ್ಯುತ್ತೇ ಅಥವಾ ಬೇರೊಂದು ಸೂಕ್ಷ್ಮ ದ್ರವವೇ ಎಂಬುದು ಆಗ ಇತ್ಯರ್ಥವಾಗಿರಲಿಲ್ಲ. ಯಂತ್ರದ ವಿದ್ಯುತ್ತು ಕಿಡಿ ಹಾರಿಸುತ್ತಿತ್ತು, ಹಗುರವಾದ ವಸ್ತುಗಳನ್ನು ಸೆಳೆಯುತ್ತಿತ್ತು. ಈ ಹೊಸದರಲ್ಲಿ ಅಂಥ ಲಕ್ಷಣಗಳು ಸ್ಪಷ್ಟವಾಗಿ ತೋರುತ್ತಿರಲಿಲ್ಲ. ಆದುದರಿಂದ ‘ಗ್ಯಾಲ್ವನಿಕ್ ದ್ರವ’ವೆಂಬ ಪ್ರತ್ಯೇಕ ಹೆಸರಿನಲ್ಲಿಯೇ ಅನೇಕರು ಅದನ್ನು ಚರ್ಚಿಸಿದರು. ಘರ್ಷಣೆಯ ವಿದ್ಯುತ್ತು, ಬ್ಯಾಟರಿಯ ವಿದ್ಯುತ್ತು, ಅಯಸ್ಕಾಂತದಿಂದ ಬಂದ ವಿದ್ಯುತ್ತು, ಉಷ್ಣದಿಂದ ಬಂದ ವಿದ್ಯುತ್ತು, ಮೀನಿನ ವಿದ್ಯುತ್ತು ಇವೆಲ್ಲ ಒಂದೇ ಎಂಬುದನ್ನು ಮೈಕೇಲ್ ಫ್ಯಾರಡೆ 1833ರಲ್ಲಿ ಅವುಗಳ ಪರಿಣಾಮಗಳನ್ನು ಒಂದೊಂದಾಗಿ ಹೋಲಿಸಿ ಸ್ಥಾಪಿಸಿದನು. ಅದರೊಂದಿಗೆ ‘ಗ್ಯಾಲ್ವನಿಕ್’ ಎಂಬ ಬೇರೆ ಹೆಸರಿಗೆ ಇದ್ದ ಮೂಲ ಕಾರಣವೇ ಹೋಯಿತು. ಆದರೆ ಶಬ್ದ ಹೋಗಲಿಲ್ಲ. ಮೂವತ್ತಾರು ವರ್ಷಗಳಲ್ಲಿ ಅದು ಭಾಷೆಯಲ್ಲಿ ಬೇರುಬಿಟ್ಟಿತ್ತು. ಹೊಸ ಕೆಲಸವನ್ನು ಹಿಡಿದು ಉಳಿದುಕೊಂಡಿತು.

ಆ ಕೆಲಸವೇನೆಂದರೆ, ರಾಸಾಯನಿಕ ಕ್ರಿಯೆಯಿಂದ ಹುಟ್ಟುವ ವಿದ್ಯುತ್ಪ್ರವಾಹವನ್ನು ಸೂಚಿಸುವುದು. ಇಂದು ‘ಗ್ಯಾಲ್ವನಿಕ್ ಕೋಶ’ವೆಂದರೂ ‘ವೋಲ್ಟಾಯಿಕ್ ಕೋಶ’ವೆಂದರೂ ಒಂದೇ ಅರ್ಥ. ವೋಲ್ಟನು ಲೋಹಗಳಿಂದ ಪಡೆದ ಪ್ರವಾಹಕ್ಕೆ, ಅದು ಲೋಹದ್ದಲ್ಲವೆಂದು ಸಾಯುವ ತನಕ ವಾದಿಸಿದ ಗ್ಯಾಲ್ವಾನಿಯ ಹೆಸರು ಅಂಟಿಕೊಂಡಿತು! 1820ರಲ್ಲಿ ಅಯರ್ಸ್ಟೆಡ್ಡನು ಪ್ರವಾಹವುಳ್ಳ ತಂತಿಯ ಬಳಿ ಕಾಂತಸೂಜಿ ತಿರುಗುವುದನ್ನು ಕಂಡುಹಿಡಿದ ಮೇಲೆ, ಆ ತತ್ತ್ವದ ಮೇಲೆ ಪ್ರವಾಹವನ್ನು ಅಳೆಯುವ ಉಪಕರಣಕ್ಕೆ ಆಂಪೇರನು ‘ಗ್ಯಾಲ್ವನೋಮೀಟರ್’ ಎಂದು ಹೆಸರಿಟ್ಟನು. ವೋಲ್ಟನ ಹೆಸರಾದರೋ 1881ರ ಪ್ಯಾರಿಸ್ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನದಲ್ಲಿ ‘ವೋಲ್ಟ್’ ಎಂಬ ಮಾನವಾಗಿ ಅಂಗೀಕೃತವಾಯಿತು.

ಅದುರುವ ಅರ್ಥ

ಪ್ರಯೋಗಶಾಲೆಯ ಹೊರಗೆ ಈ ಶಬ್ದ ಇನ್ನೊಂದು ದಾರಿ ಹಿಡಿಯಿತು. ಗ್ಯಾಲ್ವಾನಿಯ ಸೋದರಳಿಯ ಜೊವಾನ್ನಿ ಅಲ್ಡೀನಿ ತನ್ನ ಮಾವನ ಪಕ್ಷವನ್ನು ಹಿಡಿದು ಯುರೋಪಿನ ನಗರಗಳಲ್ಲಿ ಬಹಿರಂಗ ಪ್ರಯೋಗಗಳನ್ನು ತೋರಿಸುತ್ತ ಸಂಚರಿಸಿದನು. 1803ರ ಜನವರಿಯಲ್ಲಿ ಲಂಡನ್ನಿನಲ್ಲಿ, ಆಗತಾನೆ ಗಲ್ಲಿಗೇರಿಸಿದ ಅಪರಾಧಿಯೊಬ್ಬನ ಶವಕ್ಕೆ ಅವನು ಬ್ಯಾಟರಿಯ ತಂತಿಗಳನ್ನು ಮುಟ್ಟಿಸಿದನು. ಶವದ ದವಡೆ ಕಂಪಿಸಿತು, ಒಂದು ಕಣ್ಣು ತೆರೆಯಿತು, ಕೈ ಮೇಲೆದ್ದಿತು. ನೋಡುತ್ತಿದ್ದವರು ಬೆರಗಾದರು. ವಿದ್ಯುತ್ತು ಸತ್ತವರನ್ನೂ ಎಬ್ಬಿಸೀತೇ ಎಂಬ ಮಾತು ಎಲ್ಲೆಲ್ಲಿಯೂ ಹಬ್ಬಿತು. 1818ರಲ್ಲಿ ಹೊರಬಂದ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯ ಕಲ್ಪನೆ ಮೊಳೆತ ದಿನಗಳಲ್ಲಿ ಇಂಥ ಮಾತುಗಳು ನಡೆದಿದ್ದುವೆಂದು ಲೇಖಕಿ ಮೇರಿ ಶೆಲ್ಲಿ 1831ರ ಆವೃತ್ತಿಯ ಮುನ್ನುಡಿಯಲ್ಲಿ ತಾನೇ ತಿಳಿಸಿದ್ದಾಳೆ. ‘ಗ್ಯಾಲ್ವನಿಸಂ’ ಶಬ್ದ ಅಲ್ಲಿ ಬಂದಿದೆ.

ಇಂಥ ದೃಶ್ಯಗಳಿಂದಲೇ ‘ಗ್ಯಾಲ್ವನಿಕ್’ ಎಂಬುದಕ್ಕೆ ಲಾಕ್ಷಣಿಕ ಅರ್ಥವೂ ಬಂದಿತು: ಥಟ್ಟನೆ ಮೈ ಅದುರಿಸುವ, ಒಳಗಿನಿಂದ ಹುಟ್ಟದೆ ಹೊರಗಿನ ಪೆಟ್ಟಿನಿಂದ ಆಗುವ ಚಲನೆ. ‘ಗ್ಯಾಲ್ವನೈಸ್’ ಎಂಬ ಕ್ರಿಯಾಪದವು ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಫ್ರೆಂಚಿನಿಂದ ಬಂದಾಗ ‘ಪ್ರವಾಹವನ್ನು ಹಾಯಿಸಿ ಸ್ನಾಯುವನ್ನು ಕೆರಳಿಸು’ ಎಂದಷ್ಟೇ ಅದರ ಅರ್ಥ. ಆ ಶತಮಾನದ ನಡುಭಾಗದ ಹೊತ್ತಿಗೆ ‘ಜಡವಾಗಿರುವವರನ್ನು ಬಡಿದೆಬ್ಬಿಸು’ ಎಂದೂ ಆಯಿತು. ಜನರನ್ನು ಭಾಷಣದಿಂದ ‘ಗ್ಯಾಲ್ವನೈಸ್’ ಮಾಡುವ ನಾಯಕನು, ಶಬ್ದದ ಮೂಲವನ್ನು ಹಿಡಿದು ನೋಡಿದರೆ, ಅವರನ್ನು ಬೊಲೋನ್ಯದ ಕಪ್ಪೆಗಳಂತೆ ಕುಣಿಸಿದನೆಂದೇ ಹೇಳಬೇಕಾದೀತು.

ತಗಡಿಗೆ ಹೆಸರು ಬಂದ ಬಗೆ

ಇನ್ನು ನಮ್ಮ ಕೊಟ್ಟಿಗೆಯ ತಗಡಿಗೆ ಬರೋಣ. ‘ಗ್ಯಾಲ್ವನೈಸ್ಡ್’ ಎಂದ ಕೂಡಲೆ ಅದನ್ನು ವಿದ್ಯುತ್ತಿನಿಂದ ಮಾಡಿರಬೇಕೆಂದು ವಿದ್ಯಾರ್ಥಿಗಳು ಊಹಿಸುವುದು ಸಹಜ. ಸತುವನ್ನು ವಿದ್ಯುತ್ತಿನಿಂದ ಲೇಪಿಸುವ ಕ್ರಮವೂ ಉಂಟು. ಆದರೆ ಬಹುಪಾಲು ಕೊಳಾಯಿಗಳನ್ನೂ ಛಾವಣಿಯ ತಗಡುಗಳನ್ನೂ ತಯಾರಿಸುವುದು ಬೇರೆ ರೀತಿಯಲ್ಲಿ. ಸತುವು ಸುಮಾರು 420 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಸುಮಾರು 450 ಡಿಗ್ರಿಯಲ್ಲಿ ಕರಗಿರುವ ಸತುವಿನ ತೊಟ್ಟಿಯಲ್ಲಿ, ಆಮ್ಲದಿಂದ ತೊಳೆದು ಶುದ್ಧಮಾಡಿದ ಕಬ್ಬಿಣವನ್ನು ಮುಳುಗಿಸಿ ತೆಗೆಯುತ್ತಾರೆ. ಬ್ಯಾಟರಿ, ತಂತಿ ಏನೂ ಬೇಕಿಲ್ಲ. ಕರಗಿದ ಸತುವನ್ನು ಕಬ್ಬಿಣಕ್ಕೆ ಹಚ್ಚಬಹುದೆಂಬುದನ್ನು ಫ್ರಾನ್ಸಿನ ಮಾಲ್ವಾಂ 1742ರಲ್ಲಿಯೇ ವರ್ಣಿಸಿದ್ದನು. ಆಗ ಗ್ಯಾಲ್ವಾನಿ ಐದು ವರ್ಷದ ಮಗು!

ಹಾಗಿದ್ದರೆ ಈ ಹೆಸರೇಕೆ? ಉತ್ತರವಿರುವುದು ತಗಡನ್ನು ತಯಾರಿಸುವ ಕ್ರಮದಲ್ಲಲ್ಲ, ಅದು ತುಕ್ಕನ್ನು ತಡೆಯುವ ಕ್ರಮದಲ್ಲಿ. ಸತುವು ಕಬ್ಬಿಣಕ್ಕಿಂತ ಸುಲಭವಾಗಿ ವಿದ್ಯುತ್ಕಣಗಳನ್ನು, ಎಂದರೆ ಎಲೆಕ್ಟ್ರಾನುಗಳನ್ನು, ಬಿಟ್ಟುಕೊಡುವ ಲೋಹ. ಅವುಗಳ ಪ್ರಮಾಣ ವಿಭವಗಳನ್ನು ನೋಡಿದರೆ ಸತುವಿನದು −0.76 ವೋಲ್ಟ್, ಕಬ್ಬಿಣದ್ದು −0.44 ವೋಲ್ಟ್, ತಾಮ್ರದ್ದು +0.34 ವೋಲ್ಟ್. ತಗಡಿನ ಮೇಲೆ ಗೀರು ಬಿದ್ದು ಒಳಗಿನ ಕಬ್ಬಿಣ ತೆರೆದುಕೊಂಡಿತೆಂದು ಭಾವಿಸೋಣ. ಅಲ್ಲಿ ಮಳೆಯ ನೀರು ನಿಂತರೆ, ಸತುವು, ಕಬ್ಬಿಣ ಮತ್ತು ಲವಣಾಂಶವುಳ್ಳ ನೀರು ಸೇರಿ ಒಂದು ಪುಟ್ಟ ವೋಲ್ಟನ ಕೋಶವಾಗುತ್ತದೆ. ಅದರಲ್ಲಿ ಸತುವು ಕರಗುತ್ತ ಎಲೆಕ್ಟ್ರಾನುಗಳನ್ನು ಕಬ್ಬಿಣಕ್ಕೆ ಸಾಗಿಸುತ್ತದೆ. ಕಬ್ಬಿಣವು ಕರಗದೆ ಉಳಿಯುತ್ತದೆ. ಬಣ್ಣ ಬಳಿದ ಕಬ್ಬಿಣದಲ್ಲಾದರೆ ಗೀರು ಬಿದ್ದ ಕಡೆಯಿಂದ ತುಕ್ಕು ಹಿಡಿಯಲು ಆರಂಭಿಸಿ ಬಣ್ಣದ ಅಡಿಯಲ್ಲಿ ಹಬ್ಬುತ್ತದೆ. ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಸತುವೆಲ್ಲ ತೀರಿದ ಮೇಲೆ ತಗಡು ಕೆಂಪಾಗುವುದನ್ನು ನಾವು ಕಾಣುತ್ತೇವೆ.

ಈ ರಕ್ಷಣೆಯ ತತ್ತ್ವವನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದವನು ಹಂಫ್ರಿ ಡೇವಿ. ಬ್ರಿಟಿಷ್ ನೌಕಾದಳದ ಹಡಗುಗಳ ತಳಕ್ಕೆ ಹೊದಿಸಿದ್ದ ತಾಮ್ರದ ತಗಡು ಸಮುದ್ರದ ನೀರಿನಲ್ಲಿ ಸವೆಯುತ್ತಿತ್ತು. ತಾಮ್ರಕ್ಕೆ ಸತುವಿನ ಅಥವಾ ಕಬ್ಬಿಣದ ತುಂಡುಗಳನ್ನು ಜೋಡಿಸಿದರೆ ಸವೆತ ನಿಲ್ಲುವುದೆಂದು ಅವನು 1824ರಲ್ಲಿ ತೋರಿಸಿದನು. ಸವೆತವೇನೋ ನಿಂತಿತು. ಆದರೆ ಕರಗುವ ತಾಮ್ರದ ವಿಷಕ್ಕೆ ಹೆದರಿ ದೂರವಿರುತ್ತಿದ್ದ ಪಾಚಿಯೂ ಚಿಪ್ಪುಜೀವಿಗಳೂ ಈಗ ಹಡಗಿನ ತಳಕ್ಕೆ ದಟ್ಟವಾಗಿ ಅಂಟಿಕೊಂಡವು. ಹಡಗುಗಳ ವೇಗ ಕುಗ್ಗಿತು. ಉಪಾಯವನ್ನು ಕೈಬಿಡಬೇಕಾಯಿತು. ಕಬ್ಬಿಣದ ವಿಷಯದಲ್ಲಿ ಇಂಥ ತೊಡಕಿಲ್ಲ. 1837ರಲ್ಲಿ ಪ್ಯಾರಿಸ್ಸಿನ ಸೊರೆಲ್ ಎಂಬ ಇಂಜಿನಿಯರು ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ವಿಧಾನಕ್ಕೆ ಸ್ವಾಮ್ಯಪತ್ರವನ್ನು ಪಡೆದನು. ಗ್ಯಾಲ್ವನಿಕ್ ಕ್ರಿಯೆಯಿಂದ ರಕ್ಷಿತವಾದ ಕಬ್ಬಿಣವೆಂಬ ಅರ್ಥದಲ್ಲಿ ‘ಗ್ಯಾಲ್ವನೈಸ್ಡ್’ ಎಂಬ ಹೆಸರು ಅದಕ್ಕೆ ನಿಂತಿತು. ಆ ಹೆಸರೇ ನಮ್ಮ ಅಂಗಡಿಗಳಿಗೆ ‘ಜಿ’ ಎಂಬ ಒಂದೇ ಅಕ್ಷರವಾಗಿ ಬಂದಿದೆ.

ಇದೇ ಕ್ರಿಯೆ ಹಾನಿಯನ್ನೂ ಮಾಡಬಲ್ಲುದು. ಸತುವಿನ ಲೇಪವುಳ್ಳ ಕೊಳಾಯಿಗೆ ತಾಮ್ರದ ಕೊಳಾಯಿಯನ್ನು ನೇರವಾಗಿ ಜೋಡಿಸಿದರೆ, ಸೇರುವೆಯ ಬಳಿ ಮೊದಲು ಸತುವೂ ಬಳಿಕ ಕಬ್ಬಿಣವೂ ಬೇಗ ಸವೆಯುತ್ತವೆ. ಇದಕ್ಕೆ ಇಂಜಿನಿಯರುಗಳು ‘ಗ್ಯಾಲ್ವನಿಕ್ ಸವೆತ’ವೆನ್ನುತ್ತಾರೆ.

ಗ್ಯಾಲ್ವಾನಿಯ ಪಕ್ಷ ಏನಾಯಿತು?

ಶಬ್ದದ ಚರಿತ್ರೆಯನ್ನು ನೋಡಿದರೆ ಗ್ಯಾಲ್ವಾನಿ ಪೂರ್ತಿ ಸೋತನೆಂದು ತೋರಬಹುದು. ವಸ್ತುಸ್ಥಿತಿ ಹಾಗಿಲ್ಲ. ಕಂಬಿ ಕೊಕ್ಕೆಗಳ ಪ್ರಯೋಗದಲ್ಲಿ ವೋಲ್ಟನ ವಿವರಣೆ ಸರಿ. ಎರಡು ಲೋಹಗಳೂ ಕಪ್ಪೆಯ ದೇಹದ ಲವಣಜಲವೂ ಕೂಡಿ ಅಲ್ಲಿ ಕೋಶವಾಗಿತ್ತು. ಆದರೆ ವಿದ್ಯುತ್ತು ಲೋಹಗಳ ಬರಿಯ ಸಂಪರ್ಕದಿಂದ ಹುಟ್ಟುವುದೆಂದು ಅವನು ತಿಳಿದುದು ತಪ್ಪು. ಪ್ರವಾಹವನ್ನು ನಡಸುವುದು ರಾಸಾಯನಿಕ ಕ್ರಿಯೆ. ಲೋಹವಿಲ್ಲದೆ ಗ್ಯಾಲ್ವಾನಿ ಮಾಡಿದ ಪ್ರಯೋಗಗಳಲ್ಲಿ ಅವನ ಮಾತೇ ನಿಜವಾಗಿತ್ತು: ನರಗಳಲ್ಲಿ ಅವುಗಳದೇ ಆದ ವಿದ್ಯುತ್ತಿದೆ. ಕತ್ತರಿಸಿದ ನರದ ತುದಿಗೂ ಅದರ ಕ್ಷೇಮವಾದ ಭಾಗಕ್ಕೂ ವಿದ್ಯುತ್ತಿನ ವ್ಯತ್ಯಾಸವಿರುವುದೇ ಆ ಸಂಕೋಚನಕ್ಕೆ ಕಾರಣ.

ಈ ಸತ್ಯವನ್ನು ಹೊರತಂದುದು ಗ್ಯಾಲ್ವಾನಿಯ ಹೆಸರನ್ನು ಹೊತ್ತ ಉಪಕರಣವೇ. 1840ರ ದಶಕದಲ್ಲಿ ಇಟಲಿಯ ಮಟೆಯುಚ್ಚಿ, ಜರ್ಮನಿಯ ದ್ಯು ಬ್ವಾ-ರೇಮೊಂ ಎಂಬವರು ಸೂಕ್ಷ್ಮವಾದ ಗ್ಯಾಲ್ವನೋಮೀಟರುಗಳಿಂದ ಸ್ನಾಯು-ನರಗಳ ಪ್ರವಾಹವನ್ನು ಅಳೆದರು. ಹೆಲ್ಮ್‌ಹೋಲ್ಟ್ಸನು 1850ರಲ್ಲಿ ಕಪ್ಪೆಯ ನರದಲ್ಲಿ ಸಂದೇಶವು ಸೆಕೆಂಡಿಗೆ ಸುಮಾರು 30 ಮೀಟರು ವೇಗದಿಂದ ಸಾಗುವುದೆಂದು ಲೆಕ್ಕ ಹಾಕಿದನು. ಹಾಲೆಂಡಿನ ಐಂಟ್‌ಹೋವನ್ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ತಂತು ಗ್ಯಾಲ್ವನೋಮೀಟರನ್ನು ರಚಿಸಿ ಹೃದಯದ ವಿದ್ಯುತ್ತನ್ನು ದಾಖಲಿಸಿದನು. 1924ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂದಿತು. ಇಂದು ಆಸ್ಪತ್ರೆಗಳಲ್ಲಿ ತೆಗೆಯುವ ಇ.ಸಿ.ಜಿ. ಪಟ್ಟಿ ಅದರ ಸಂತಾನ. ನರದ ಪೊರೆಯ ಮೂಲಕ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಒಳಹೊರಗೆ ಚಲಿಸುವುದರಿಂದಲೇ ಈ ವಿದ್ಯುತ್ತು ಉಂಟಾಗುವುದೆಂದು ಇಂಗ್ಲೆಂಡಿನ ಹಾಜ್ಕಿನ್ ಮತ್ತು ಹಕ್ಸ್ಲಿ 1952ರಲ್ಲಿ ಗಣಿತ ಸಮೇತ ವಿವರಿಸಿದರು. 1963ರಲ್ಲಿ ಅವರಿಗೂ ನೊಬೆಲ್ ಬಹುಮಾನ ದೊರೆಯಿತು. ಅವರು ಪ್ರಯೋಗಕ್ಕೆ ಆರಿಸಿಕೊಂಡುದು ಕಪ್ಪೆಯನ್ನಲ್ಲ, ದಪ್ಪವಾದ ನರತಂತುವುಳ್ಳ ಸ್ಕ್ವಿಡ್ ಎಂಬ ಕಡಲಜೀವಿಯನ್ನು.

ವಿದ್ಯಾರ್ಥಿಗಳಿಗೆ

ಶಬ್ದಗಳ ಮೂಲವನ್ನು ಹುಡುಕಬಯಸುವವರು ಈ ಉದಾಹರಣೆಯಿಂದ ನಾಲ್ಕು ಸಂಗತಿಗಳನ್ನು ಗ್ರಹಿಸಬಹುದು. ಒಂದನೆಯದು, ಶಬ್ದವು ಮೊದಲು ಬರಹದಲ್ಲಿ ಕಂಡ ವರ್ಷವನ್ನು ವಿಚಾರಿಸಬೇಕು. ವ್ಯಕ್ತಿ ಪ್ರಸಿದ್ಧನಾಗುವ ಮೊದಲೇ ಶಬ್ದ ಬಳಕೆಯಲ್ಲಿದ್ದರೆ ಅದು ಅವನಿಂದ ಬಂದುದಾಗಿರಲಾರದು. ಇಲ್ಲಿ 1791ರ ಪ್ರಬಂಧ, 1797ರ ವಿಶೇಷಣ ಎಂಬ ಕ್ರಮ ಸರಿಹೊಂದುತ್ತದೆ. ಎರಡನೆಯದು, ರೂಪವನ್ನು ನೋಡಬೇಕು. ಪ್ರತ್ಯಯವು ಆ ಶಬ್ದವನ್ನು ಯಾವ ಗುಂಪಿಗೆ ಸೇರಿಸಿ ಮಾಡಿದರೆಂಬುದನ್ನು ಹೇಳುತ್ತದೆ. ಮೂರನೆಯದು, ಅರ್ಥದ ಒಂದೊಂದು ತಿರುವಿಗೂ ಕಾರಣವನ್ನು ಕೇಳಬೇಕು. ತಗಡಿನ ಹೆಸರನ್ನು ತಯಾರಿಕೆಯಲ್ಲಿ ಹುಡುಕಿದ್ದರೆ ನಾವು ದಾರಿ ತಪ್ಪುತ್ತಿದ್ದೆವು. ನಾಲ್ಕನೆಯದು, ಸಾರಿನ ಕಪ್ಪೆಯಂಥ ಸೊಗಸಾದ ಕಥೆಗಳನ್ನು ದಾಖಲೆಗಳೊಂದಿಗೆ ತಾಳೆ ನೋಡಬೇಕು.

ವಾಚಕರು ಮನೆಯಲ್ಲಿಯೇ ಗ್ಯಾಲ್ವನಿಕ್ ಕೋಶವನ್ನು ಮಾಡಿ ನೋಡಬಹುದು. ಒಂದು ರಸಭರಿತ ನಿಂಬೆಹಣ್ಣಿಗೆ ಸತುವಿನ ಲೇಪವುಳ್ಳ ಮೊಳೆಯೊಂದನ್ನೂ, ಹೊದಿಕೆ ತೆಗೆದ ದಪ್ಪ ತಾಮ್ರದ ತಂತಿಯೊಂದನ್ನೂ, ಒಂದಕ್ಕೊಂದು ತಾಗದಂತೆ ಚುಚ್ಚಿರಿ. ಎರಡರ ಹೊರತುದಿಗಳಿಗೆ ವೋಲ್ಟ್‌ಮೀಟರನ್ನು ಜೋಡಿಸಿದರೆ ಒಂದು ವೋಲ್ಟಿಗೆ ಸಮೀಪದ ಅಳತೆ ಕಾಣುವುದು. ತಾಮ್ರಕ್ಕೆ ಬದಲು ಇನ್ನೊಂದು ಅದೇ ಬಗೆಯ ಮೊಳೆಯನ್ನು ಚುಚ್ಚಿದರೆ ಮುಳ್ಳು ಹೆಚ್ಚುಕಡಮೆ ಸೊನ್ನೆಯಲ್ಲಿಯೇ ನಿಲ್ಲುವುದು. ವೋಲ್ಟನು ಕಪ್ಪೆಯ ಕಾಲಿನಲ್ಲಿ ಕಂಡ ವ್ಯತ್ಯಾಸ ಇದೇ. ಲೋಹ ಕರಗಿರುವ ಆ ಹಣ್ಣನ್ನು ಮಾತ್ರ ಬಳಿಕ ತಿನ್ನಬಾರದು.

ಇದೇ ನಾಲ್ಕು ಪ್ರಶ್ನೆಗಳನ್ನು ಹಾಕಿಕೊಂಡು ‘ಮೆಸ್ಮೆರಿಕ್’, ‘ಮಾಕಿಯಾವೆಲಿಯನ್’, ‘ವೋಲ್ಟಾಯಿಕ್’ ಶಬ್ದಗಳ ಹುಟ್ಟನ್ನು ಒಳ್ಳೆಯ ನಿಘಂಟಿನ ಸಹಾಯದಿಂದ ವಿದ್ಯಾರ್ಥಿಗಳು ತಾವೇ ಹುಡುಕಲಿ. ಅವುಗಳಲ್ಲಿ ಯಾವುದು ತನ್ನ ಮೂಲಪುರುಷನಿಗೆ ನ್ಯಾಯ ಸಲ್ಲಿಸಿದೆ, ಯಾವುದು ಸಲ್ಲಿಸಿಲ್ಲ ಎಂಬುದನ್ನೂ ವಿಚಾರಿಸಲಿ.